ಸರದಾರನ ಕೊನೆಯ ಅಧ್ಯಾಯ

ರೀ,

ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ, ಈಗ ಕಾಗದದಲ್ಲೂ ಕರೆಯುವುದಿಲ್ಲ. ನೀವು ಹೋಗಿ ಹದಿನಾಲ್ಕು ತಿಂಗಳಾಯಿತು. ಡೆಟ್ರಾಯಿಟ್‌ನ ಈ ಚಳಿಯಲ್ಲಿ ಕಾರಿನ ಗಾಜಿನ ಹಿಮ ಕೆರೆಯುವ ಕೆಲಸವೂ ನನಗೇ ಬಿತ್ತು. ದಿನಾ ನಿಮ್ಮನ್ನು ಬೈದುಕೊಂಡೇ ಕೆರೆಯುತ್ತೇನೆ.

ಅರವತ್ತೆಂಟನೇ ಇಸವಿಯ ಆ ಸಂಜೆ ನೆನಪಿದೆಯೇ? ಕಾರ್ಖಾನೆಯಿಂದ ಬಂದವರೇ ಡಬ್ಬಿ ಕೆಳಗಿಟ್ಟು, "ಇವತ್ತೊಬ್ಬ ಸರದಾರ ಸಿಕ್ಕಿದ ಕಣೇ" ಎಂದಿರಿ. ನಿಮ್ಮ ಜೊತೆ ಕೆಲಸ ಮಾಡುವ ಪೋಲೆಂಡಿನ ಸ್ಟೆಫಾನ್ ಊಟದ ಹೊತ್ತಿನಲ್ಲಿ ಹೇಳಿದ್ದ ಕಥೆ ಅದು. ಮುನ್ನೂರು ವರ್ಷದ ಹಿಂದಿನ ಜಮೀನುದಾರ, ಕುದುರೆ ದಂಡಿನ ಸೈನಿಕ, ಮೇಲಾಗಿ ಕವಿ. ಅಲ್ಲಿನ ದೊಡ್ಡ ಮನೆಗಳಲ್ಲಿ ಒಂದು ಮನೆಪುಸ್ತಕ ಇರುತ್ತಿತ್ತಂತೆ. ಮಕ್ಕಳು ಹುಟ್ಟಿದ ದಿನ, ಕುದುರೆಯ ಔಷಧಿ, ಉಪ್ಪಿನಕಾಯಿಯ ಅಳತೆ, ಎಲ್ಲವೂ ಅದರಲ್ಲೇ. ಇವನು ಪದ್ಯಗಳನ್ನೂ ಅದರಲ್ಲೇ ಬರೆದ, ಬದುಕಿರುವವರೆಗೆ ಒಂದನ್ನೂ ಅಚ್ಚು ಹಾಕಿಸಲಿಲ್ಲ. "ಹುಚ್ಚನೇ ಇರ್ಬೇಕು ಬಿಡಿ" ಎಂದಿದ್ದೆ.

ಆಮೇಲೆ ಆ ಹುಚ್ಚು ನಿಮಗೆ ಹತ್ತಿತು. ನನ್ನ ಚಿತ್ರಾನ್ನ ತಿನ್ನಿಸಿ ಸ್ಟೆಫಾನ್‌ನಿಂದ ಪೋಲಿಷ್ ಕಲಿತಿರಿ, ಸರದಾರನ ಬದುಕನ್ನು ಕನ್ನಡದಲ್ಲಿ ಬರೆಯಲು ಕೂತಿರಿ. ಒಂದು ಹಳೆಯ ಪುಸ್ತಕಕ್ಕಾಗಿ ಚಿಕಾಗೋವರೆಗೆ ಡ್ರೈವ್ ಮಾಡಿದೆವಲ್ಲ, ಹೋಗುವಾಗ ಅವನ ಯುದ್ಧ, ಬರುವಾಗ ಅವನ ಸೆರೆವಾಸ. ಪಕ್ಕದಲ್ಲಿ ಕೂತವಳಿಗೂ ಏನಾದರೂ ಹೇಳುವುದಿರಬಹುದು ಎಂದು ನಿಮಗೆ ಒಮ್ಮೆಯಾದರೂ...

ಕೊನೆಯ ಭಾನುವಾರ ನಾನಾಡಿದ ಮಾತು ಇನ್ನೂ ಚುಚ್ಚುತ್ತಿದೆ. "ಎಂದೋ ಸತ್ತೋನ ಹೆಂಡ್ತಿ ಮೇಲೆ ಅಧ್ಯಾಯ ಬರೀತೀರ. ಬದುಕಿರೋಳ ಹತ್ರ ಒಂದು ಗಳಿಗೆ ಕೂತ್ಕೊಳ್ಳಲ್ಲ." ನೀವು ನೋಟ್‌ಬುಕ್ ಮುಚ್ಚಿ ಎದ್ದು ಹೋದಿರಿ. ಮರುದಿನದಿಂದ ನಾನು ಸಿಟ್ಟಿನಲ್ಲಿ ಬರೀ ಮೊಸರನ್ನ ಬಡಿಸಿದೆ. ಗುರುವಾರ ಎದೆನೋವು ಎಂದಿರಿ, ಅಷ್ಟೇ.

ನಿಮ್ಮ ಎಂಟು ನೋಟ್‌ಬುಕ್‌ಗಳನ್ನೂ ತಿರುವಿ ಹಾಕಿದೆ. ಸರದಾರನ ಹೆಂಡತಿಯ ಮೇಲಿನ ಆ ಕೊನೆಯ ಅಧ್ಯಾಯ ಇರಲಿಲ್ಲ. ನನ್ನ ಮಾತಿಗೆ ನೊಂದು ಹರಿದು ಹಾಕಿರಬೇಕು ಎಂದುಕೊಂಡೆ. ಪುಸ್ತಕ ಅಚ್ಚು ಹಾಕಿಸುತ್ತೇನೆಂದು ಮೈಸೂರಿನಿಂದ ಭಾವನವರು ಎರಡು ಸಲ ಬರೆದರು. ನಾನು ಏನೆಂದು ಉತ್ತರಿಸಲಿ?

ಮೊನ್ನೆ ಶನಿವಾರ ನಮ್ಮ ಸುಧಾ ಬಿಸಿಬೇಳೆಬಾತ್ ಮಾಡುತ್ತೇನೆಂದು ಹಠ ಹಿಡಿದಳು. ನೀವು ಹೋದ ಮೇಲೆ ನಾನು ಪುಡಿ ಹುರಿದವಳಲ್ಲ. ದಿನಾ ತೆರೆದು ಇವತ್ತೇನು ಅಡುಗೆ ಎಂದು ಗುರುತು ಹಾಕುತ್ತಿದ್ದೆನಲ್ಲ, ನಾನೇ ಕೈಯಲ್ಲಿ ಬರೆದಿಟ್ಟ ಆ ಅಡುಗೆ ಪುಸ್ತಕವನ್ನೇ ಮುಟ್ಟಿರಲಿಲ್ಲ. ಡ್ರಾಯರ್‌ನಿಂದ ತೆಗೆದವಳು, "ಅಮ್ಮಾ, ದಿಸ್ ಈಸ್ ಅಪ್ಪಾಸ್ ಹ್ಯಾಂಡ್‌ರೈಟಿಂಗ್" ಎಂದಳು. ಅವಳಿಗೆ ಕನ್ನಡ ಓದಲು ಬಾರದು, ನಿಮ್ಮ ಅಕ್ಷರದ ಗುರುತು ಮಾತ್ರ ಇದೆ.

ಸಾರಿನ ಪುಡಿಗೂ ನಿಂಬೆಕಾಯಿ ಉಪ್ಪಿನಕಾಯಿಗೂ ನಡುವೆ ನಾನು ಖಾಲಿ ಬಿಟ್ಟಿದ್ದಲ್ಲಿ ನಿಮ್ಮ ಹನ್ನೊಂದು ಪುಟ. ಸೋಮವಾರ, ಮಂಗಳವಾರ, ಬುಧವಾರ ಎಂದು ಮೇಲೆ ಬರೆದಿದ್ದೀರಿ. ನಿಂತುಕೊಂಡೇ ಓದಿದೆ. ಕೊನೆಯಲ್ಲಿ ಹೀಗಿತ್ತು: "ಸರದಾರ ಪದ್ಯಗಳನ್ನು ಮನೆಪುಸ್ತಕದಲ್ಲೇ ಬರೆದ. ಅವನಿಗೆ ಹೆಂಡತಿಯೆದುರು ಕೂತು ಹೇಳಲು ಬರುತ್ತಿರಲಿಲ್ಲ. ಅವಳು ದಿನವೂ ತೆರೆಯುವ ಪುಸ್ತಕ ಅದೊಂದೇ."

ಮೂರು ದಿನ ನೀವು ಕಾದಿರಲ್ಲ, ನಾನು ತೆರೆಯುತ್ತೇನೆಂದು. ಮೊಸರನ್ನಕ್ಕೆ ಯಾರು ಪುಸ್ತಕ ತೆರೆಯುತ್ತಾರೆ, ರೀ?

ಅಧ್ಯಾಯವನ್ನು ನಕಲು ಮಾಡಿ ಭಾವನವರಿಗೆ ಕಳಿಸಿದೆ. ಆ ಹನ್ನೊಂದು ಪುಟ ಮಾತ್ರ ಯಾರಿಗೂ ಕೊಡುವುದಿಲ್ಲ. ಇವತ್ತು ಸಾರಿನ ಪುಡಿ ಹುರಿದೆ. ನಾಳೆಯೂ ಪುಸ್ತಕ ತೆರೆಯುತ್ತೇನೆ.

ನಿಮ್ಮ
ವಿಮಲ