ಕೊಡೆ ಬಟ್ಟೆಯ ಸುಂಕ

ಕಾರ್ಖಾನೆಯ ಮಹಡಿ ಕೋಣೆ,
ಗುರುವಾರ, ಊಟವಾದ ಮೇಲೆ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಕತ್ತು ನೋವು ಕಡಿಮೆಯಾಯಿತೇ? ಕಡತದ ಮೇಲೆ ಬಗ್ಗಿ ಕೂರಬೇಡ, ಕಡತವನ್ನೇ ಎತ್ತರದಲ್ಲಿಟ್ಟುಕೋ ಎಂದು ನಿನ್ನಮ್ಮ ಹೇಳಿಕಳಿಸಿದ್ದಾಳೆ. ಅಳಿಯಂದಿರ ಕೆಮ್ಮು ಹೇಗಿದೆ? ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಅರ್ಧ ಸುಳ್ಳಾಗುತ್ತದೆ. ಅವಳು ಚೆನ್ನಾಗಿದ್ದಾಳೆ. ಈ ಕಾಗದವನ್ನು ನಿನ್ನ ಸೋದರಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ, ಅವನು ನಾಳೆ ಅಲ್ಲಿಗೆ ಬರುತ್ತಾನೆ. ಫೋನಿನಲ್ಲಾದರೆ ನೀನು ‘ಅಪ್ಪಾ’ ಎಂದ ಕೂಡಲೇ ನಾನು ಮಳೆ ಬಿಸಿಲಿನ ಸುದ್ದಿಗೆ ಇಳಿದುಬಿಡುತ್ತೇನೆ. ಕೊಡೆ ಮಾಡುವವನಿಗೆ ಅದಕ್ಕಿಂತ ಸುಲಭದ ಮಾತು ಬೇರೆ ಯಾವುದಿದೆ?

ನೋಟಿಸು ಬಂದದ್ದು ನಿನಗೆ ಗೊತ್ತು. ಅದು ಎಲ್ಲಿಗೆ ಬಂದು ಮುಟ್ಟಿದೆ ಎನ್ನುವುದು ಗೊತ್ತಿಲ್ಲ. ಸುಂಕದ ಇಲಾಖೆಯವಳಿಗೆ ಸುಂಕದ ಪಾಠ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ, ಆದರೂ ಒಮ್ಮೆ ನನ್ನ ಬಾಯಿಂದ ಕೇಳು. ನಮಗೆ ಬಟ್ಟೆ ಕೊಡುವುದು ಹೊರದೇಶಕ್ಕೆಂದೇ ನೇಯುವ ಗಿರಣಿ. ಹೊರಗೆ ಹೋಗುವ ಮಾಲಿಗೆ ಅವರಿಗೆ ಸುಂಕವಿಲ್ಲ. ಅದರಲ್ಲಿ ಒಂದಿಷ್ಟನ್ನು ದೇಶದೊಳಗೆ ಮಾರಿದರೆ ಮಾತ್ರ ಹೊರದೇಶದಿಂದ ಹಡಗಿನಲ್ಲಿ ಬಂದ ಮಾಲಿಗೆ ಕಟ್ಟುವ ಹಾಗೆ ಸುಂಕ ಕಟ್ಟಬೇಕು. ಅವರು ಕಟ್ಟಿದರು, ಬಟ್ಟೆಯ ಬೆಲೆಯ ಜೊತೆಗೆ ಅದನ್ನು ನಮ್ಮಿಂದ ವಸೂಲಿ ಮಾಡಿಕೊಂಡರು. ಬಿಲ್ಲಿನಲ್ಲಿ ಆ ಸುಂಕವೆಲ್ಲ ಒಂದೇ ಮೊತ್ತವಾಗಿ ಅಚ್ಚಾಗಿದೆ. ನಾವು ಕೊಡೆ ಮಾರಿ ಕಟ್ಟಬೇಕಾದ ತೆರಿಗೆಯಲ್ಲಿ ಆ ಮೊತ್ತವನ್ನು ಕಳೆದು ಉಳಿದದ್ದನ್ನು ಕಟ್ಟಿದೆವು. ಕ್ರೆಡಿಟ್ ಎಂದರೆ ಅದೇ ಅಲ್ಲವೇ, ಒಂದೇ ಮಾಲಿಗೆ ಎರಡು ಸಲ ತೆರಿಗೆ ಬೀಳದಿರಲೆಂದು ನಿಮ್ಮವರೇ ಮಾಡಿದ ದಾರಿ? ಈಗ, ಆ ಬಟ್ಟೆಯ ಕೊಡೆಗಳೆಲ್ಲ ಯಾವ ಯಾವ ಬಸ್ಸುಗಳಲ್ಲೋ ಮರೆತುಹೋಗಿ ವರ್ಷಗಳಾದ ಮೇಲೆ ಇಲಾಖೆಯವರು ಹೇಳುತ್ತಾರೆ: ಆ ಸುಂಕದ ಹೊಟ್ಟೆಯೊಳಗೆ ಹಲವು ಸುಂಕಗಳಿವೆ, ಅವುಗಳಲ್ಲಿ ಕೆಲವಕ್ಕಷ್ಟೇ ಕ್ರೆಡಿಟ್ ಉಂಟು, ಇಂಥ ಗಿರಣಿಯ ಮಾಲಿಗೆ ಕ್ರೆಡಿಟ್ ಲೆಕ್ಕದ ಸೂತ್ರವೇ ಬೇರೆ. ಹೆಚ್ಚು ಕಳೆದುಕೊಂಡದ್ದನ್ನು ಬಡ್ಡಿ, ದಂಡ ಸಮೇತ ಕಟ್ಟಬೇಕಂತೆ. ನನ್ನನ್ನು ಕಳ್ಳ ಎಂದು ಯಾರೂ ಅನ್ನುತ್ತಿಲ್ಲ. "ಗಿರಣಿಯವ್ರು ಕಟ್ಟಿದ್ದೂ ನಿಜ, ನೀವು ಅವ್ರಿಗೆ ಕೊಟ್ಟಿದ್ದೂ ನಿಜ, ವಾಪಸ್ ತಗೊಂಡಿದ್ದು ಮಾತ್ರ ತಪ್ಪು" ಎನ್ನುತ್ತಾರೆ. ಕಳ್ಳ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಮೊದಲ ಆದೇಶ ನಮ್ಮ ವಿರುದ್ಧ ಬಂತು. ಮೇಲ್ಮನವಿ ಹಾಕಿದೆವು. ಅದರ ವಿಚಾರಣೆಗೆ ಮೊದಲೇ ಬ್ಯಾಂಕಿನ ಖಾತೆಗೆ ತಡೆ ಬಿತ್ತು. ಗಿರಣಿಯವರು ಉದ್ದರಿ ನಿಲ್ಲಿಸಿದರು. ಮಳೆಗಾಲ ಬಾಗಿಲಿಗೆ ಬಂದಿದೆ, ಕೆಳಗೆ ಕಡ್ಡಿಗಳ ಕಟ್ಟುಗಳು ಬೆತ್ತಲೆ ನಿಂತಿವೆ, ಹೊದಿಸಲು ಬಟ್ಟೆಯಿಲ್ಲ. ಹೊಲಿಗೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಚಪ್ಪಲಿ ಹಾಕಿಕೊಂಡೇ ನಿಂತು, "ಯಜಮಾನ್ರೇ, ಕೆಲಸ ಶುರುವಾದ್ರೆ ಹೇಳಿ ಕಳಿಸಿ" ಎಂದು ಹೋದರು. ಬೇರೆ ಕಡೆ ಕೆಲಸ ಸಿಕ್ಕಿತು ಎಂದು ಒಬ್ಬಳೂ ಹೇಳಲಿಲ್ಲ, ನನಗೆ ನೋವಾದೀತೆಂದು. ನಿನ್ನನ್ನು ಬಟ್ಟೆಯ ಥಾನಿನ ಮೇಲೆ ಕೂರಿಸಿಕೊಂಡು ಆಡಿಸುತ್ತಿದ್ದ ಕತ್ತರಿ ಮಾಸ್ತರ ಮಾತ್ರ ಇನ್ನೂ ಬರುತ್ತಾನೆ. ಕತ್ತರಿಸಲು ಏನೂ ಇಲ್ಲ, ಪೇಪರು ಓದಿ ಹೋಗುತ್ತಾನೆ. ಕೆಲಸದ ಮಾತೆತ್ತಿದರೆ ಎಲ್ಲಿ ಅತ್ತುಬಿಡುತ್ತೇವೋ ಎಂದು ಇಬ್ಬರೂ ರಾಜಕೀಯ ಮಾತಾಡುತ್ತೇವೆ.

ಮಂಗಳವಾರ ವಿಚಾರಣೆ ಇತ್ತು. ಮೇಲ್ಮನವಿಯ ಅಧಿಕಾರಿಗೆ ನಿನಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಒಳ್ಳೆಯವನೇ, ನನಗೆ ಕುರ್ಚಿ ಹಾಕಿಸಿದ. ನಮ್ಮ ವಕೀಲರು ಇಂಥದೇ ಪ್ರಕರಣಗಳಲ್ಲಿ ಬೇರೆ ಕಡೆ ಬಂದ ಆದೇಶಗಳನ್ನೆಲ್ಲ ಓದಿದರು. ಕೊನೆಗೆ ನಾನು ಎದ್ದುನಿಂತು, "ಸಾರ್, ಕಟ್ಟಿರೋದನ್ನೇ ಇನ್ನೊಂದ್ಸಲ ಕಟ್ಟು ಅಂದ್ರೆ ಎಲ್ಲಿಂದ ತರಲಿ?" ಎಂದೆ. ಆತ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಯಜಮಾನ್ರೇ, ನಿಮ್ಮ ಮಾತು ನ್ಯಾಯವಾಗೇ ಇದೆ. ಆದ್ರೆ ಸೂತ್ರ ನ್ಯಾಯ ಕೇಳಲ್ಲ" ಎಂದ. ಆಮೇಲೆ ವಕೀಲರ ಕಡೆ ತಿರುಗಿ, ಈ ಆದೇಶವನ್ನು ಎರಡು ಕಡೆಗೂ ಬರೆಯಬಹುದು ಎಂದ. ಎರಡು ಕಡೆಗೂ! ಆ ಮಾತು ಅವತ್ತಿನಿಂದ ನನ್ನ ಜೀವ ತಿನ್ನುತ್ತಿದೆ. ಒಂದೇ ಕಡೆಗೆ ಬರೆಯುವಂಥದ್ದಾಗಿದ್ದರೆ ಹಣೆಬರಹ ಎಂದು ಸುಮ್ಮನಾಗುತ್ತಿದ್ದೆ.

ಅಲ್ಲಿಂದ ಬಂದವನು ಮನೆಯೊಳಗೆ ಹೋಗದೆ ಇಲ್ಲಿಗೆ ಹತ್ತಿಬಂದು ಮಹಡಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತೆ. ಕೆಳಗೆ ಬೀದಿ ಬಹಳ ದೂರವೂ ಅನಿಸಲಿಲ್ಲ, ಹತ್ತಿರವೂ ಅನಿಸಲಿಲ್ಲ. ನಿನ್ನಮ್ಮ ಯಾವಾಗ ಬಂದಳೋ, ಮಂಡಿ ನೋವಿನವಳು ಅಷ್ಟು ಮೆಟ್ಟಿಲು ಹೇಗೆ ಹತ್ತಿದಳೋ. ಪಕ್ಕದಲ್ಲಿ ತಾನೂ ಕಾಲು ಇಳಿಬಿಟ್ಟು ಕೂತು, ನನ್ನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಮೇಲೆ, "ನಂಗೆ ಒಬ್ಬಳಿಗೇ ಇಳಿಯಕ್ಕಾಗಲ್ಲ, ಬನ್ನಿ" ಎಂದಳು. ಇಳಿದೆವು. ನೀನು ಗಾಬರಿಯಾಗಬೇಡ. ಈಗ ಮಹಡಿಯ ಬಾಗಿಲಿನ ಬೀಗದ ಕೈ ಅವಳ ಸೊಂಟದಲ್ಲಿದೆ. ಈ ಕಾಗದ ಬರೆಯಲು ಅವಳ ಅಪ್ಪಣೆ ಪಡೆದೇ ಹತ್ತಿದ್ದೇನೆ, ಅವಳು ಹೊಸ್ತಿಲಲ್ಲಿ ಕೂತು ಹರಿದ ಕೊಡೆಗೆ ತೇಪೆ ಹಾಕುತ್ತಿದ್ದಾಳೆ.

ಸೋತರೆ ಯಂತ್ರಗಳನ್ನು ಮಾರಿ ಎಲ್ಲಾದರೂ ಸಣ್ಣದಾಗಿ ಕೊಡೆ ರಿಪೇರಿಗೆ ಕೂರೋಣ ಎನ್ನುತ್ತಾಳೆ. ಜನ ಈಗ ರಿಪೇರಿ ಮಾಡಿಸುವುದಿಲ್ಲ, ಹೊಸದು ಕೊಳ್ಳುತ್ತಾರೆ ಎಂದೆ. "ಆದ್ರೂ ನಿಮ್ಮಂಥವ್ರು ಇನ್ನೂ ಬದುಕಿದ್ದಾರಲ್ಲ, ಹೊಸದು ಕೊಳ್ಳೋಕೆ ಮನಸ್ಸಿಲ್ಲದವ್ರು" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರಿಗೆ ನನ್ನ ವಿಶ್ವಾಸ ತಿಳಿಸು. ಈ ಕೊಡೆಗಾರನ ಆಶೀರ್ವಾದ ಎಷ್ಟು ಅಗಲವಿದೆಯೋ ಅಷ್ಟೂ ನಿನ್ನ ತಲೆಯ ಮೇಲಿರಲಿ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನ ಸೋದರಮಾವ ಚೀಲ ಹಿಡಿದು ಕೆಳಗೆ ಕೂಗುತ್ತಿದ್ದಾನೆ. ವಿಚಾರಣೆ ಮುಗಿದು ಹೊರಡುವಾಗ ವಕೀಲರು ಬಾಯಿಬಿಟ್ಟರು, ಇವರ ಮಗಳು ನಿಮ್ಮ ಇಲಾಖೆಯಲ್ಲೇ ಇದ್ದಾಳೆ ಎಂದು. ಆ ಅಧಿಕಾರಿ, "ಹೌದಾ? ನಂಬರ್ ಕೊಡಿ, ಸೋಮವಾರ ಒಂದ್ಮಾತು ಮಾತಾಡ್ತೀನಿ" ಎಂದ. ನಾನು ಕೊಟ್ಟೆ. ಕೇಳಿದ ತಕ್ಷಣ ಕೊಟ್ಟೆ, ಮಗಳೇ. ಅಮ್ಮನಿಗೆ ಹೇಳಿಲ್ಲ. ಫೋನು ಬಂದರೆ ಎತ್ತು. ‘ಅವರು ನನ್ನ ತಂದೆ, ಅದಕ್ಕೇ ಈ ಕಡತದ ಬಗ್ಗೆ ನಾನು ಮಾತಾಡುವ ಹಾಗಿಲ್ಲ’ ಎಂದು ಹೇಳಿ ಇಟ್ಟುಬಿಡು. ನೀನು ಹೇಳುವುದು ಅದನ್ನೇ ಎಂದು ನನಗೆ ಗೊತ್ತು. ಆದರೆ ಹಾಗೆ ಹೇಳಿದೆ ಎಂದು ನನಗೆ ತಿಳಿಸಬೇಡ. ಆದೇಶ ಬರುವವರೆಗೆ, ನೀನು ಬೇರೇನೋ ಹೇಳಿರಬಹುದು ಎಂದುಕೊಂಡು ಮಲಗುತ್ತೇನೆ.