ಕುರ್ಚಿಗೆ ಕೇಳಿದ ಹೂವು

ಏಪ್ರಿಲ್ 27, ಸಂಜೆ 6.30

ಟ್ಯಾಂಕರ್ ಬಂತು, ಸಂಪು ತುಂಬಿಸಿಕೊಂಡೆ. ಮೇಲಿನ ರೂಮಿನ ಬಲ್ಬು ಹೋಗಿತ್ತು, ಹಾಕಿಸಿದೆ. ಇವರ ಚಪ್ಪಲಿ ಬಾಗಿಲಲ್ಲೇ ಇದೆ. ಇವತ್ತೂ ತೆಗೆದಿಡಲಿಲ್ಲ.

ಆಮೇಲೆ ಮಾರಮ್ಮನ ಗುಡಿ. ಮೈದುನ ಶಿವಶಂಕರ್ ವಾರ್ಡ್ ಎಲೆಕ್ಷನ್‌ಗೆ ನಿಂತಿದ್ದಾನೆ. ಗೆಲ್ಲುತ್ತಾನಾ ಅಂತ ಹೂ ಕೇಳಿಸಿದ. ಮನೆಯವರೆಲ್ಲ ಇರಬೇಕಂತೆ. ಹೋದೆ.

ಪೂಜಾರಿ ಚಿಕ್ಕಬೈರಪ್ಪ ಅಮ್ಮನ ಎರಡೂ ಭುಜಕ್ಕೆ ಹೂ ಅಂಟಿಸಿದ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದಾದರೆ ಇಲ್ಲ.

ಎಡಗಡೆ ಬಿತ್ತು.

"ಹೂ ಬಾಡಿತ್ತು ಕಣಣ್ಣ, ಬೇರೆ ಇಡು" ಅಂದ ಶಿವಶಂಕರ್.

ಮತ್ತೆ ಎಡಗಡೆ.

"ಫ್ಯಾನ್ ಆಫ್ ಮಾಡ್ರೋ! ಗಾಳಿ ಹೊಡುದ್ರೆ ಅಮ್ಮ ಏನ್ ಮಾಡ್ತಾಳೆ?"

ಮೂರನೇ ಸಲ ಬಲಗಡೆ. ಜೊತೆಗೆ ಬಂದಿದ್ದ ಅವನ ಹುಡುಗರೆಲ್ಲ ಪಟಾಕಿ ಹೊಡೆದರು.

ಉಳಿದದ್ದು ನಾಳೆ ಬರೆಯುತ್ತೇನೆ...

ಏಪ್ರಿಲ್ 28, ಬೆಳಿಗ್ಗೆ

ಜನವರಿಯಲ್ಲಿ ಇವರಿಗೆ ಎದೆನೋವು ಬಂತು. ರಕ್ತನಾಳ ಬ್ಲಾಕ್ ಆಗಿದೆ, ಈ ವಾರವೇ ಆಪರೇಷನ್ ಮಾಡಿಸಿ ಅಂದರು ಡಾಕ್ಟರು. ಶಿವಶಂಕರ್ ಇದೇ ಗುಡಿಯಲ್ಲಿ ಹೂ ಕೇಳಿಸಿದ — ಮಾಡಿಸಬಹುದಾ ಅಂತ. ಎಡಗಡೆ ಬಿತ್ತು.

"ಅಮ್ಮ ಬ್ಯಾಡ ಅಂದ್ಲು. ಮುಗೀತು."

ಇನ್ನೊಂದು ಸಲ ಕೇಳಿಸು ಅಂದೆ. "ದೇವ್ರ ಮಾತಿಗೆ ಎದುರಾಡ್ತೀರಾ ಅತ್ತಿಗೆ?" ಅಂದ. ಇವರೂ ತಮ್ಮನ ಮಾತನ್ನೇ ನಂಬಿದರು. ಶಿವರಾತ್ರಿ ಬರುವಷ್ಟರಲ್ಲಿ ಇವರಿರಲಿಲ್ಲ.

ಅವತ್ತೂ ಆ ಫ್ಯಾನ್ ತಿರುಗುತ್ತಿತ್ತು. ಯಾರೂ ಆಫ್ ಮಾಡಲಿಲ್ಲ.

ಅವನ ಕುರ್ಚಿಗೆ ಮೂರು ಸಲ. ನನ್ನ ಗಂಡನ ಜೀವಕ್ಕೆ ಒಂದೇ ಸಲ.

ಮೇ 4

ಹೂವನ್ನು ನಂಬಿದವನು ವೋಟಿನ ಸರ್ವೇ ಕೂಡ ಮಾಡಿಸಿದ್ದಾನೆ. ಮಲ್ಲಿಕ್ ಅಂತ ಒಬ್ಬ, ಟ್ಯಾಬ್ ಹಿಡಿದು ನಮ್ಮ ಹೂಡಿ ಏರಿಯಾ ಎಲ್ಲ ತಿರುಗಿದ್ದಾನೆ. ಬಾಡಿಗೆ ರೂಮಿನ ಹೊಳೆವ್ವ ಬಿದ್ದು ಬಿದ್ದು ನಕ್ಕಳು.

"ಯಾರಿಗೆ ಹಾಕ್ತಿ ಅಂತ ಕೇಳಿದ್ರು ಅಕ್ಕಾರ. ನಿಮಗ ಹಾಕ್ತೀನಿ ಅಂದೆ. ಹಿಂದಿನ ದಿನ ಬೇರೆ ಪಾರ್ಟಿಯವ್ರು ಬಂದಿದ್ರು, ಅವ್ರಿಗೂ ನಿಮಗ ಅಂದಿದ್ದೆ. ನಿನ್ನ ವೋಟು ಎಲ್ಲೈತಿ ಅಂತ ಒಬ್ಬರೂ ಕೇಳ್ಲಿಲ್ಲ. ಅದು ಯಾದಗಿರ್ಯಾಗ ಐತಿ!"

ನಗು ಬಂತು. ಇವರು ಹೋದ ಮೇಲೆ ಮೊದಲ ಸಲ.

ಸಂಜೆ ಶಿವಶಂಕರ್ ಮಲ್ಲಿಕ್‌ನನ್ನು ಕರೆದುಕೊಂಡೇ ಬಂದ. "ಮೇಡಂ, ಹೆಂಗಸರ ವೋಟಲ್ಲಿ ಸ್ವಲ್ಪ ಹಿಂದಿದ್ದೀವಿ. ಸಾರ್ ಅವ್ರ ಅಣ್ಣ ತೀರ್ಕೊಂಡಿರೋ ಸಿಂಪಥಿ ಇನ್ನೂ ಯೂಸ್ ಆಗಿಲ್ಲ" ಅಂದ ಮಲ್ಲಿಕ್, ನನ್ನೆದುರೇ, ಕಾಫಿ ಕುಡಿಯುತ್ತ. ನಾನು ಜೀಪಿನಲ್ಲಿ ನಿಲ್ಲಬೇಕಂತೆ. ಇವರ ಫೋಟೋ ಬೇಕಂತೆ.

ಆಗಲ್ಲ ಅಂದೆ. ಲೋಟ ತೊಳೆಯದೆ ಬಚ್ಚಲಿಗೆ ಎಸೆದೆ.

ಮೇ 9, ಸಂಜೆ

ಪ್ರಚಾರದ ಕೊನೆ ದಿನ. ತಮಟೆ ಸದ್ದು ಕೇಳಿ ಗೇಟಿಗೆ ಬಂದೆ. ಜೀಪಿನ ಮುಂದೆ ಇವರು. ದೊಡ್ಡ ಫ್ಲೆಕ್ಸ್. ನಮ್ಮ ಮದುವೆ ಫೋಟೋದಿಂದ ತೆಗೆದದ್ದು — ನನ್ನನ್ನು ಕತ್ತರಿಸಿದ್ದಾರೆ. ಇವರ ಭುಜದ ಮೇಲೆ ನನ್ನ ಬೆರಳು ಮಾತ್ರ ಉಳಿದಿದೆ.

"ರಾಮಾಂಜಿನಪ್ಪನವರ ಧರ್ಮಪತ್ನಿ, ನಮ್ಮತ್ತಿಗೆ ಭಾಗ್ಯಮ್ಮನೋರು ಎರಡ್ ಮಾತು ಹೇಳ್ತಾರೆ!" ಶಿವಶಂಕರ್ ಮೈಕ್ ಕೊಟ್ಟ. ಕಣ್ಣಲ್ಲಿ ನೀರೂ ಬರಿಸಿಕೊಂಡಿದ್ದ.

ಮೈಕ್‌ನಲ್ಲಿ ಯಾವತ್ತೂ ಮಾತಾಡಿದವಳಲ್ಲ. ತೆಗೆದುಕೊಂಡೆ.

"ನಮ್ಮೆಜಮಾನ್ರಿಗೆ ಡಾಕ್ಟ್ರು ಆಪರೇಷನ್ ಅಂದ್ರು. ಈಯಪ್ಪ ಹೂ ಕೇಳ್ಸುದ್ರು, ಒಂದೇ ಸಲ. ಬ್ಯಾಡ ಅಂತ ಬಂತು, ಬಿಟ್ಟ್ರು. ಎಲೆಕ್ಷನ್‌ಗೆ ಇವ್ರು ಸೋಲ್ತಾರೆ ಅಂತ ಎರಡ್ ಸಲ ಬಂತು. ಫ್ಯಾನ್ ಆಫ್ ಮಾಡ್ಸಿ ಮೂರನೇ ಸಲ ಕೇಳ್ಸುದ್ರು. ನೀವೆಲ್ಲ ಅಲ್ಲೇ ಇದ್ರಲ್ಲ, ಸುಳ್ಳಾ?"

ತಮಟೆ ನಿಂತಿತು.

"ಮೈಕ್ ಕಿತ್ಕೊಳ್ರೋ!" ಅಂತ ಕೂಗಿದ ಶಿವಶಂಕರ್. ಆಮೇಲೆ ಹತ್ತಿರ ಬಂದು, ಹಲ್ಲು ಕಚ್ಚಿ, "ಮನೆ ಮರ್ಯಾದೆ ತೆಗುದ್ಬಿಟ್ರಿ ಅತ್ತಿಗೆ" ಅಂದ.

"ಫೋಟೋ ಬಿಚ್ಚು" ಅಂದೆ.

ಬಿಚ್ಚಲಿಲ್ಲ. ನಾನೇ ಬಿಚ್ಚಿದೆ. ಹೊಳೆವ್ವ ಇನ್ನೊಂದು ತುದಿಯ ತಂತಿ ಬಿಡಿಸಿದಳು.

ಮೇ 10, ಮಧ್ಯಾಹ್ನ

ಬೀದಿಯ ಹೆಂಗಸರು ನನ್ನ ನೋಡಿ ಮಾತು ನಿಲ್ಲಿಸುತ್ತಾರೆ. ನಿಲ್ಲಿಸಲಿ. ಶಿವಶಂಕರ್ ಗೆಲ್ಲಬಹುದು. ಗೆದ್ದರೂ ನನ್ನ ಸಿಟ್ಟು ಹೀಗೇ ಇರುತ್ತದೆ. ಸೋತರೆ ಇವರು ಎದ್ದು ಬರುತ್ತಾರಾ...

ನಾಳೆ ಮತದಾನ. ಸರ್ಕಾರಿ ಶಾಲೆ, ಎರಡನೇ ರೂಮು. ಏಳಕ್ಕೆ ಬಾಗಿಲು ತೆಗೆಯುತ್ತಾರೆ. ಅಷ್ಟೊತ್ತಿಗೆ ನಾನು ಅಲ್ಲಿರುತ್ತೇನೆ.