ಅಳತೆಗೋಲು ಹಿಡಿದವಳು

ಅಕ್ಟೋಬರ್ ೯, ಗುರುವಾರ

ಹಣ ಕೊಡುವ ಕಚೇರಿಗೆ ನಾಳೆಯೊಳಗೆ ಫೋಟೊ ಕಳಿಸದಿದ್ದರೆ ತೊರೆಯನ್ನು ಸರಿಪಡಿಸುವ ಕೆಲಸ ನಿಲ್ಲುತ್ತದಂತೆ. ಸಾಲ್ಮನ್ ಮೀನು ಮರಳಲೆಂದು ದಡದಲ್ಲಿ ನೆಟ್ಟ ವಿಲೋ ಗಿಡದ ಆರು ವರ್ಷದ ಫೋಟೊಗಳು. ಎಲ್ಲದರಲ್ಲೂ ಪಕ್ಕದಲ್ಲಿ ಅಳತೆಗೋಲು ಹಿಡಿದು ನಿಂತವಳು ಅಜ್ಜಿ. ಅವಳು ಹೋಗಿ ಏಳು ತಿಂಗಳಾಯಿತು. ನಮ್ಮ ಬುಡಕಟ್ಟಿನ ರೂಢಿಯಂತೆ ವರ್ಷ ತುಂಬುವವರೆಗೆ ಅವಳ ಹೆಸರೆತ್ತುವಂತಿಲ್ಲ, ಚಿತ್ರ ನೋಡುವಂತಿಲ್ಲ.

ಮುಖ ಕತ್ತರಿಸಿ ಕಳಿಸಲೇ ಎಂದು ಕೇಳಿದ್ದಕ್ಕೆ ಲೊರೆಟ್ಟಾ ಚಿಕ್ಕಮ್ಮ ಸಿಡುಕಿದಳು. "ನಾಚ್ಕೆ ಆಗಲ್ವೇನೆ? ನಮ್ಮಮ್ಮನ್ನ ನೆಮ್ಮದಿಯಾಗಿ ಹೋಗೋಕೆ ಬಿಡೇ!"

ಇವತ್ತು ಕೋಲನ್ನು ಕಲ್ಲುಗಳ ನಡುವೆ ಸಿಕ್ಕಿಸಿ ಒಬ್ಬಳೇ ಅಳೆದೆ. "ಇದು ನನ್ನನ್ನ ಮೀರ್ಸೋವರ್ಗೂ ನಾನು ಸಾಯಲ್ಲ ಕಣೇ" ಅನ್ನುತ್ತಿದ್ದಳು ಅಜ್ಜಿ. ಗಿಡ ಐದು ಅಡಿ ಎರಡು ಇಂಚು ಇದೆ. ಅವಳು ಎಷ್ಟು ಎತ್ತರವಿದ್ದಳೆಂದು ನೆನಪಾಗುತ್ತಿಲ್ಲ. ಫೋಟೊಗಳು ಪೆಟ್ಟಿಗೆಯಲ್ಲೇ ಇವೆ, ಇಲ್ಲೇ, ಮಂಚದ ಕೆಳಗೆ. ಇನ್ನೂ ಐದು ತಿಂಗಳು ತೆರೆದು ನೋಡುವಂತಿಲ್ಲ.